ಐದಕ್ಕೆ ಎರಡು ಹಕ್ಕಿ

ಮಾರ್ಚ್ ೧೨

ಪ್ರೀತಿಯ ಅಮ್ಮ,

ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಫೋನಿನಲ್ಲಿ ನೀನು ಅರ್ಧ ಮಾತಿಗೆ "ಲೈನ್ ಸರಿ ಇಲ್ಲ ಕಣೇ" ಎನ್ನುತ್ತೀಯ, ಉಳಿದರ್ಧಕ್ಕೆ "ಹ್ಞೂಂ, ಹ್ಞೂಂ" ಎನ್ನುತ್ತೀಯ, ಕೊನೆಗೆ ನಾನು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತೀಯ. ಅದೂ ಅಲ್ಲದೆ ನಮ್ಮ ಮನೆಯ ಗೋಡೆಗಳು ತೆಳು. ಇದನ್ನು ಕ್ಲಿನಿಕ್ಕಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ಮಂಗಳವಾರ ಪರೀಕ್ಷೆ ಮುಗಿದ ಮೇಲೆ "ಯಂತ್ರ ಕೆಟ್ಟಿದೆ ಅಮ್ಮ, ಇನ್ನೊಂದು ದಿನ ನೋಡೋಣ" ಎಂದೆನಲ್ಲ, ಯಂತ್ರ ಕೆಟ್ಟಿರಲಿಲ್ಲ. ಕೆಟ್ಟಿರುವುದು ನಿನ್ನ ಕಿವಿ.

ಹದಿನಾಲ್ಕು ವರ್ಷದಿಂದ ಈ ಕೋಣೆಯಲ್ಲಿ ಕೂತು ಜನರ ಕಿವಿ ಅಳೆಯುತ್ತಿದ್ದೇನೆ. ನೀನು ಗಾಜಿನ ಆಚೆ, ಸ್ಪಂಜು ಬಡಿದ ಆ ಪುಟ್ಟ ಗೂಡಿನಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಶಬ್ದ ಕೇಳಿಸಿದರೆ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಗಡಸು ಶಬ್ದಕ್ಕೆ ಚೆನ್ನಾಗಿಯೇ ಒತ್ತಿದೆ. ಮಧ್ಯದ್ದಕ್ಕೆ ಸ್ವಲ್ಪ ತಡವಾಯಿತು. ಸಣ್ಣ ಹಕ್ಕಿಗಳು ಹಾಡುವಷ್ಟು ತೆಳು ಶಬ್ದ ಕೊಟ್ಟಾಗ ನಿನ್ನ ಬೆರಳು ಅಲ್ಲಾಡಲಿಲ್ಲ. ಜೋರು ಮಾಡಿದೆ. ಇನ್ನೂ ಜೋರು ಮಾಡಿದೆ. ಉಹ್ಞೂಂ. ಕಾಗದದ ಮೇಲೆ ಗೆರೆ ಕಡಿದುಬಿದ್ದ ಹಾಗೆ ಇಳಿಯಿತು.

ಅದರಿಂದ ನನಗೆ ದುಃಖವಾಯಿತು, ಆಶ್ಚರ್ಯವಾಗಲಿಲ್ಲ. ನಿನಗೆ ಎಪ್ಪತ್ತೊಂದು. ಆಶ್ಚರ್ಯವಾದದ್ದು ಆಮೇಲೆ. ನಾನು ಶಬ್ದ ಕೊಡುವುದನ್ನೇ ನಿಲ್ಲಿಸಿ ಕೈ ಕಟ್ಟಿ ಕೂತೆ. ನೀನು ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತಾ, ಒಳಗೇ ಏನೋ ಎಣಿಸಿಕೊಳ್ಳುತ್ತಾ, ಗುಂಡಿ ಒತ್ತತೊಡಗಿದೆ. ಎರಡು ನಿಮಿಷದಲ್ಲಿ ಹನ್ನೊಂದು ಸಲ. ಒಂದಕ್ಕೂ ಶಬ್ದ ಇರಲಿಲ್ಲ ಅಮ್ಮ.

ಗಾಬರಿಗೆ ಒಂದೆರಡು ಸಲ ತಪ್ಪು ಒತ್ತುವವರು ಬೇಕಾದಷ್ಟು ಜನ ಬರುತ್ತಾರೆ. ಸುಳ್ಳು ಒತ್ತುವವರು ಬೇರೆ. ನೋಡಿದ ತಕ್ಷಣ ನನಗೆ ಗೊತ್ತಾಗುತ್ತದೆ. ಅವತ್ತಿನಿಂದ ಒಂದೇ ಯೋಚನೆ ತಲೆ ತಿನ್ನುತ್ತಿದೆ. ಶಬ್ದವೇ ಇಲ್ಲದ ಕೋಣೆಯಲ್ಲಿ ಗುಂಡಿ ಒತ್ತುವವಳು ಹೊಲದ ದಾರಿಯಲ್ಲಿ ಏನು ಬರೆಯುತ್ತಿದ್ದಾಳೆ?

ಪ್ರತಿ ತಿಂಗಳ ಮೊದಲ ಭಾನುವಾರ ನೀನು ಪಂಪ್ ಶೆಡ್ಡಿನಿಂದ ಸೇತುವೆಯವರೆಗೆ ನಡೆದು, ಕಂಡ ಹಕ್ಕಿ ಕೇಳಿದ ಹಕ್ಕಿ ಎಲ್ಲವನ್ನೂ ಬರೆದುಕೊಂಡು ಬರುವುದನ್ನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಶುರುವಿನ ವರ್ಷ ಏಪ್ರಿಲ್ಲಿನಲ್ಲಿ ಇನ್ನೂರ ಹನ್ನೆರಡು ಎಂದು ನೀನು ಕುಣಿದುಕೊಂಡು ಮನೆಗೆ ಬಂದದ್ದು ನೆನಪಿದೆ. ಹೋದ ವರ್ಷ ಅದೇ ತಿಂಗಳು ಮೂವತ್ತೊಂದು. ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಪಕ್ಷಿ ಸಮಿತಿಯವರು ಅಲ್ಲಿ ಜೋಳ ಬೆಳೆಯುವ ನಮ್ಮ ಮನೆಯವರ ಕಂಪನಿಯನ್ನು ವಿಚಾರಣೆಗೆ ಕರೆದಿದ್ದಾರೆ. ದಾರಿಯ ಎರಡೂ ಕಡೆ ಔಷಧಿ ಹೊಡೆಯದ, ಉಳದ ಬದು ಬಿಡಬೇಕು ಅನ್ನುವುದು ಸಮಿತಿಯ ಮಾತು. ಹಕ್ಕಿ ಕಡಿಮೆಯಾಗಿಯೇ ಇಲ್ಲ ಅನ್ನುವುದು ಕಂಪನಿಯ ಮಾತು. ನಡುವೆ ಇರುವುದು ನಿನ್ನ ಕಿವಿ.

ಇವರು ಆ ಹೊಲಗಳ ಮೇಲ್ವಿಚಾರಕರಾದ ಮೇಲೆ ನಮ್ಮ ಮನೆಯಲ್ಲಿ ನಿನ್ನ ಪಟ್ಟಿಯ ಮಾತು ಬಂದರೆ ಸಾಕು, ತಟ್ಟೆ ಸದ್ದು ಜಾಸ್ತಿಯಾಗುತ್ತದೆ. ಹೋದ ತಿಂಗಳು ಊಟಕ್ಕೆ ಕೂತಾಗ ಇವರು ಹೇಳಿದರು, "ಹಕ್ಕಿ ಎಲ್ಲೂ ಹೋಗಿಲ್ಲ. ನಿಮ್ಮಮ್ಮನ ಕಿವಿ ಹೋಗಿದೆ. ನೀನೇ ಒಂದು ಪರೀಕ್ಷೆ ಮಾಡಿ ಕಾಗದ ಕೊಡು, ಎಲ್ಲಾ ಮುಗಿದುಹೋಗುತ್ತೆ."

ನಾನು ರೇಗಿ ಏನೋ ಅಂದೆ. ಅದಕ್ಕವರು, "ಜನಕ್ಕೆ ದಿನಾ ಕೋಳಿ ಬೇಕು, ಮೊಟ್ಟೆ ಬೇಕು, ಅದೂ ಅಗ್ಗಕ್ಕೆ ಬೇಕು. ಕೋಳಿಗೆ ಜೋಳ ಬೇಕು. ಒಂದು ಕಳೆ, ಒಂದು ಹುಳ ಇಲ್ಲದ ಜೋಳ ಬೇಕು. ನಾನೇನು ಆಸೆಗೆ ಔಷಧಿ ಹೊಡಿಸ್ತೀನಾ? ನಿಮ್ಮಮ್ಮನ ಫ್ರಿಜ್ ತೆಗೆದು ನೋಡು, ಯಾರ ಮೊಟ್ಟೆ ಇದೆ ಅಂತ" ಎಂದರು.

ನೋಡಿದೆ ಅಮ್ಮ. ಮರುದಿನ ನಿನ್ನ ಮನೆಗೆ ಬಂದಾಗ, ಹಾಲು ಇಡುವ ನೆಪದಲ್ಲಿ ಫ್ರಿಜ್ ತೆಗೆದೆ. ಆ ಕಂಪನಿಯ ಹಳದಿ ಡಬ್ಬಿಯೇ ಇತ್ತು. ನಮ್ಮ ಮನೆಯಲ್ಲೂ ಅದೇ ಇದೆ ಬಿಡು.

ಆದರೆ ನನಗೆ ಇವರ ಮೇಲೂ ನಂಬಿಕೆ ಇಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ. ನೀನು ಎಣಿಸುವ ಭಾನುವಾರಗಳಲ್ಲೇ ಇವರು ಬೆಳಕು ಹರಿಯುವ ಮುಂಚೆ ಎದ್ದು ಹೋಗುತ್ತಾರೆ. "ಪಂಪ್ ನೋಡ್ಬೇಕು" ಎನ್ನುತ್ತಾರೆ. ಉಳಿದ ಭಾನುವಾರ ಪಂಪಿಗೆ ಏನೂ ಆಗುವುದಿಲ್ಲ. ಹಿಂದಿರುಗಿದಾಗ ಬೂಟು ಇಬ್ಬನಿಗೆ ತೊಯ್ದಿರುತ್ತದೆ. ಪ್ಯಾಂಟಿನ ಮಡಿಕೆಯಲ್ಲಿ ಔಷಧಿ ಹಚ್ಚಿದ ಬಿತ್ತನೆ ಜೋಳ ಸಿಕ್ಕಿತು, ಆ ಗುಲಾಬಿ ಬಣ್ಣದ್ದು. ಈ ತಿಂಗಳು ಬಟ್ಟೆ ಒಗೆಯಲು ಹಾಕುವಾಗ ಜಾಕೆಟ್ ಜೇಬಿನಲ್ಲಿ ಕಂದು ಬಣ್ಣದ ಪುಟ್ಟ ಗರಿ. ಆ ಬೀಜ ತಿಂದ ಹಕ್ಕಿ ಬದುಕುವುದಿಲ್ಲ ಎಂದು ನೀನೇ ಹೇಳಿದ್ದೆ. ನೀನು ಬರುವ ಮುಂಚೆ ದಾರಿಯಲ್ಲಿ ಸತ್ತು ಬಿದ್ದದ್ದನ್ನು ಆರಿಸಿ ತೆಗೆಯುತ್ತಿದ್ದಾರೆಯೇ? ಗಂಡನ ಜೇಬು ಹುಡುಕುವ ಹೆಂಗಸಾದೆನಲ್ಲ ಎಂದು ನಾಚಿಕೆಯಾಯಿತು. ಹುಡುಕುವುದನ್ನು ಮಾತ್ರ ಬಿಡಲಿಲ್ಲ.

ನಿನ್ನ ಪರೀಕ್ಷೆಯ ಕಾಗದ ನನ್ನ ಚೀಲದಲ್ಲಿದೆ. ಯಾರಿಗೂ ಕೊಟ್ಟಿಲ್ಲ. ವಿಚಾರಣೆ ಮುಂದಿನ ತಿಂಗಳ ಎರಡನೇ ಗುರುವಾರ. ಅಷ್ಟರೊಳಗೆ ನನಗೆ ನಿಜ ಬೇಕು. ಗುಂಡಿಯನ್ನು ಯಾಕೆ ಒತ್ತಿದೆ? ಹೊಲದಲ್ಲಿ ಏನು ಮಾಡುತ್ತಿದ್ದೀಯ? ಬರೆದು ತಿಳಿಸು. ಕ್ಲಿನಿಕ್ಕಿನ ವಿಳಾಸಕ್ಕೇ ಹಾಕು, ಮನೆಗೆ ಬೇಡ.

ನಿನ್ನ
ಸಣ್ಣಿ

ಮತ್ತೆ: ಕಾಗದ ಯಾರಿಗೂ ಕೊಟ್ಟಿಲ್ಲ, ಅದರ ಬಗ್ಗೆ ಚಿಂತೆ ಮಾಡಬೇಡ.


ಮಾರ್ಚ್ ೧೯

ಸಣ್ಣಿಗೆ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ಇನ್ನೂ ಜಾಸ್ತಿ ಬಂತು.

ಮೂವತ್ಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. "ಹಲೋ" ಅನ್ನುವ ಮುಂಚೆ ಎಳೆದುಕೊಳ್ಳುವ ಉಸಿರಿನಲ್ಲೇ ಆಚೆ ಇರುವವರು ಯಾರು, ಸಾವಿನ ಸುದ್ದಿಯೋ ಸಾಲಗಾರನೋ ಎಂದು ಹೇಳುತ್ತಿದ್ದೆ. ಅಂಥವಳನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಹೆತ್ತ ಮಗಳು ಕೈ ಕಟ್ಟಿ ಕೂತು ಪರೀಕ್ಷೆ ಮಾಡಿದಳಂತೆ. ಚೆನ್ನಾಗಿದೆ. ಕಿವಿ ನೋಡಿಸಿಕೋ ಎಂದು ನೀನು ಕರೆದದ್ದು ಪ್ರೀತಿಗೆ ಎಂದುಕೊಂಡಿದ್ದೆ. ಯಾರ ಮಾತಿನ ಮೇಲೆ ಕರೆದೆ ಎಂದು ಈಗ ನೀನೇ ಬರೆದಿದ್ದೀಯ.

ಇರಲಿ. ನಿಜ ಬೇಕು ಎಂದಿದ್ದೀಯ. ತಗೋ.

ಕಿವಿ ಹೋಗಿರುವುದು ನನಗೆ ನಾಲ್ಕು ವರ್ಷದಿಂದ ಗೊತ್ತು. ಉಲಿಯಕ್ಕಿ, ಆ ತೆಳು ದನಿಯ ಪುಟ್ಟ ಹಕ್ಕಿ, ಪೊದೆಯ ತುದಿಯಲ್ಲಿ ಕೂತು ಬಾಯಿ ತೆರೆಯುತ್ತಿತ್ತು, ಗಂಟಲು ನಡುಗುತ್ತಿತ್ತು, ನನಗೆ ಏನೂ ಕೇಳಿಸಲಿಲ್ಲ. ಗಾಜಿನ ಹಿಂದೆ ಮಾತಾಡುವವರನ್ನು ನೋಡಿದ ಹಾಗಿತ್ತು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಇನ್ನು ಎಣಿಸಬಾರದು, ಸಮಿತಿಗೆ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ. ಹೇಳಿದ್ದರೆ ಬೇರೆ ಯಾರು ಹೋಗುತ್ತಿದ್ದರು? ಎರಡು ಮೈಲಿ ಜೋಳದ ನಡುವೆ ಬೆಳಗ್ಗೆ ಆರು ಗಂಟೆಗೆ ನಡೆಯುವ ಹುಚ್ಚು ಇನ್ನೊಬ್ಬರಿಗೆ ಇಲ್ಲ. ಪಟ್ಟಿ ನಿಂತುಹೋದರೆ ಕಂಪನಿಗೆ ಹಬ್ಬ.

ಅದಕ್ಕೆ ಒಂದು ದಾರಿ ಮಾಡಿಕೊಂಡೆ. ಕಿವಿಗೆ ಬೀಳದೆ ಹೋದವು ಎಷ್ಟೋ ಇರುತ್ತವಲ್ಲ, ಅವುಗಳ ಪಾಲು ಅವುಗಳಿಗೆ ಸೇರಬೇಕು. ಐದು ಹಕ್ಕಿ ಸಿಕ್ಕರೆ ಎರಡು ಸೇರಿಸಿದೆ. ಐದಕ್ಕೆ ಎರಡು. ನಾಲ್ಕು ವರ್ಷದಿಂದ ಹಾಗೇ. ಹೋದ ವರ್ಷದ ಮೂವತ್ತೊಂದರಲ್ಲಿ ನಾನು ನಿಜವಾಗಿ ಕಂಡು ಕೇಳಿದ್ದು ಇಪ್ಪತ್ತೆರಡು. ನೀನು ಇದನ್ನು ಸುಳ್ಳು ಎನ್ನುತ್ತೀಯ. ನಾನು ತಿದ್ದುಪಡಿ ಎನ್ನುತ್ತೇನೆ. ನನ್ನ ಕಿವಿಯ ತಪ್ಪಿಗೆ ಹಕ್ಕಿಗಳು ಯಾಕೆ ಸತ್ತ ಲೆಕ್ಕಕ್ಕೆ ಹೋಗಬೇಕು? ಕಂಪನಿಗೆ ಅನ್ಯಾಯ ಆಗಬಾರದು ಅಂತಲೂ ಯೋಚಿಸಿದವಳು ನಾನು. ಯಾರು ನಂಬುತ್ತಾರೆ?

ನಿನ್ನ ಗೂಡಿನಲ್ಲೂ ಅದನ್ನೇ ಮಾಡಿದೆ. ಶಬ್ದ ಬಂದಿರಬೇಕು, ನನಗೆ ಕೇಳಿಸುತ್ತಿಲ್ಲ ಅಷ್ಟೇ ಎಂದುಕೊಂಡು ಒತ್ತಿದೆ. ನೀನು ಸುಮ್ಮನೆ ಕೂತಿರಬಹುದು ಅಂತ ಅನುಮಾನ ಬರಲಿಲ್ಲ. ಅಷ್ಟು ನಂಬಿದ್ದೆ ನಿನ್ನನ್ನು.

ಮೊಟ್ಟೆ ವಿಷಯ. ಹೌದು, ಅದೇ ಮೊಟ್ಟೆ. ಹೊಲದಲ್ಲಿ ಹಕ್ಕಿ ಎಣಿಸಿ, ಅಯ್ಯೋ ಪಾಪ ಎಂದು, ಮನೆಗೆ ಬಂದು ಅದೇ ಹೊಲದ ಜೋಳ ತಿಂದ ಕೋಳಿಯ ಮೊಟ್ಟೆ ಬೇಯಿಸಿ ತಿನ್ನುತ್ತಿದ್ದೆ. ಹತ್ತಿರದ ಅಂಗಡಿಯಲ್ಲಿ ಅದು ಬಿಟ್ಟರೆ ಬೇರೆ ಇಲ್ಲ. ಬಸ್ ಹತ್ತಿ ಹೋದರೆ ಬೇರೆ ಸಿಗುತ್ತದೆ ಎಂದು ಗೊತ್ತಿತ್ತು, ಹತ್ತಲಿಲ್ಲ. ಕಾಳು ತಿನ್ನುವ ಹಕ್ಕಿಯೂ ಮರಿಗೆ ಹುಳವನ್ನೇ ತಿನ್ನಿಸಬೇಕು ಸಣ್ಣಿ. ಆ ಹೊಲದಲ್ಲಿ ಒಂದು ಮಿಡತೆ ಉಳಿದಿಲ್ಲ. ನೆಲಗುಬ್ಬಿ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಮಾಡಿ, ಅವಕ್ಕೆ ಕೊಡಲು ಏನೂ ಸಿಗದೆ ಬರಿ ಬಾಯಲ್ಲಿ ಓಡಾಡುವುದನ್ನು ನೋಡಿದ್ದೇನೆ. ಅದನ್ನು ನೋಡಲು ಕಿವಿ ಬೇಕಾಗಿಲ್ಲ.

ಇನ್ನು ನಿನ್ನ ಗಂಡ. ನಾನು ದಾರಿಗೆ ಇಳಿಯುವ ಹೊತ್ತಿಗೆ ಅವನ ಕಾರು ಹಿಂದಿರುಗುವುದನ್ನು ಮೂರು ಸಲ ಕಂಡಿದ್ದೇನೆ. ಮೂರನೇ ಸಲ ದೀಪ ಆರಿಸಿಕೊಂಡು ಹೋದ. ಅತ್ತೆಯನ್ನು ನೋಡಿ ದೀಪ ಆರಿಸುವ ಅಳಿಯನ ಬಗ್ಗೆ ನಾನು ಏನೆಂದುಕೊಳ್ಳಬೇಕು? ಗರಿಯ ವಿಷಯ ಓದಿದ ಮೇಲೆ ನನಗೂ ನಿನ್ನ ಹಾಗೇ ಅನ್ನಿಸಿದೆ. ಅವನು ಹಕ್ಕಿಯ ಹೆಣ ಹೊರುತ್ತಿದ್ದಾನೆ.

ಒಂದು ಮಾತು. ನಿನ್ನ ಕಾಗದದಲ್ಲಿ "ಯಾರಿಗೂ ಕೊಟ್ಟಿಲ್ಲ" ಎಂದು ಎರಡು ಕಡೆ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ಆ ಹಾಳೆಯನ್ನು ಹರಿದುಹಾಕು. ವಿಚಾರಣೆಗೆ ನಾನು ಬರುವುದಿಲ್ಲ. ಹತ್ತು ಜನರ ಮುಂದೆ "ಏನಂದ್ರಿ? ಏನಂದ್ರಿ?" ಎಂದು ಕೇಳಿಕೊಂಡು ಕಿವುಡಿ ಅನ್ನಿಸಿಕೊಳ್ಳಲಾರೆ. ಪಟ್ಟಿ ಅವರ ಹತ್ತಿರ ಇದೆ. ಅದು ಸಾಕು.

ಅಮ್ಮ

ಮತ್ತೆ: ಹಳದಿ ಡಬ್ಬಿ ತರುವುದನ್ನು ನಿಲ್ಲಿಸಿದ್ದೇನೆ. ನಿನ್ನ ಗಂಡನಿಗೆ ಹೇಳು. ಹೇಳಬೇಡ, ನಗುತ್ತಾನೆ.


ಏಪ್ರಿಲ್ ೧೩

ಅಮ್ಮ,

ನಿನಗೆ ಸಿಟ್ಟಿರುವುದು ಗೊತ್ತು. ನಿನ್ನೆ ನಾನು ಬಂದಾಗ ಬಾಗಿಲು ತೆಗೆಯಲಿಲ್ಲ, ಒಳಗೆ ದೀಪ ಉರಿಯುತ್ತಿತ್ತು. ಬೆಲ್ ಕೇಳಿಸಲಿಲ್ಲ ಎಂದು ಹೇಳಬೇಡ, ಆ ಬೆಲ್ಲಿನ ಶಬ್ದ ಗಡಸು, ನಿನಗೆ ಚೆನ್ನಾಗಿ ಕೇಳಿಸುತ್ತದೆ. ಗುರುವಾರ ನಾನು ಮಾಡಿದ್ದನ್ನು ಬೇರೆಯವರ ಬಾಯಿಂದ ಕೇಳಿರುತ್ತೀಯ. ನನ್ನ ಬಾಯಿಂದಲೂ ಒಮ್ಮೆ ಕೇಳು. ಭಾನುವಾರದಿಂದ ಹೇಳುತ್ತೇನೆ.

ಭಾನುವಾರ ಇವರು ಎದ್ದಾಗ ನಾನೂ ಎದ್ದೆ. ಕಾರು ಹೊರಟ ಮೇಲೆ ಪಕ್ಕದ ಮನೆಯ ಟೀಚರ್ ಸೈಕಲ್ ತೆಗೆದುಕೊಂಡು ಹಿಂದೆ ಹೋದೆ. ಹಿಂದಿನ ದಿನವೇ ಕೇಳಿಟ್ಟುಕೊಂಡಿದ್ದೆ, ತೂಕ ಇಳಿಸಬೇಕು ಎಂದು ಸುಳ್ಳು ಹೇಳಿ. ಪಂಪ್ ಶೆಡ್ಡಿನ ಹಿಂದೆ ಕಾರು ನಿಂತಿತ್ತು. ಪೂರ್ವಕ್ಕೆ ಬೆಳಕು ಬರುತ್ತಿತ್ತು. ದೂರದಲ್ಲಿ ಇವರು ಬಗ್ಗಿದ್ದರು, ಕೈಯಲ್ಲಿ ಏನೋ ಇತ್ತು. ಸಿಕ್ಕಿಬಿದ್ದರಲ್ಲ ಎಂದುಕೊಂಡು ಸೈಕಲ್ಲನ್ನು ಜೋಳದ ಮೇಲೆ ಬಿಸಾಕಿ ಓಡಿದೆ.

ಕೈಯಲ್ಲಿದ್ದದ್ದು ನೋಟ್‌ಬುಕ್ಕು.

"ಏನ್ರೀ ಇದು?" ಎಂದೆ. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು. "ಸೈಕಲ್ ಯಾರದ್ದು?" ಎಂದರು. ನಾನು ಕೈ ಚಾಚಿ ನಿಂತೆ. ಕೊನೆಗೆ ಕೊಟ್ಟರು.

ಒಳಗೆ ತಾರೀಕು, ಹಕ್ಕಿಯ ಹೆಸರು, ಸಂಖ್ಯೆ. ಮೂರು ವರ್ಷದ್ದು ಅಮ್ಮ. ನೀನು ಎಣಿಸಿದ ಒಂದೊಂದು ಭಾನುವಾರವೂ, ನಿನಗಿಂತ ಒಂದು ಗಂಟೆ ಮುಂಚೆ, ಅದೇ ದಾರಿಯಲ್ಲಿ ಇವರೂ ಎಣಿಸಿದ್ದಾರೆ.

"ಮೊದಲು ನಿಮ್ಮಮ್ಮನ ತಪ್ಪು ಹಿಡಿಯೋಕೇ ಬಂದದ್ದು," ಎಂದರು. "ಅವರಿಗೆ ಕೇಳಿಸ್ತಿಲ್ಲ ಅಂತ ನಂಗೆ ಗೊತ್ತಿತ್ತು. ನಾನು ಎಣಿಸಿದ್ರೆ ಎರಡರಷ್ಟು ಸಿಗುತ್ತೆ, ತಗೊಂಡು ಹೋಗಿ ಮುಖಕ್ಕೆ ಹಿಡೀಬಹುದು ಅಂದ್ಕೊಂಡಿದ್ದೆ. ಹಕ್ಕಿ ಹೆಸರು ಕಲಿಯೋಕೆ ಆರು ತಿಂಗಳು ಹಿಡೀತು. ಪುಸ್ತಕ ತಂದೆ, ಕಾರಲ್ಲಿ ಅವುಗಳ ಹಾಡು ಹಾಕ್ಕೊಂಡು ಕೇಳಿದೆ. ನನ್ನ ಕಿವಿ ನೀನೇ ನೋಡಿದ್ದೀಯಲ್ಲ, ಏನೂ ತೊಂದರೆ ಇಲ್ಲ."

"ಮತ್ತೆ?"

"ಮತ್ತೇನು. ಅವರದ್ದಕ್ಕಿಂತ ಕಡಿಮೆ ಬಂತು. ಪ್ರತಿ ಸಲ ಕಡಿಮೆ ಬಂತು. ನಾನೇ ಎಲ್ಲೋ ಬಿಡ್ತಿದ್ದೀನಿ ಅಂತ ಇನ್ನೂ ನಿಧಾನ ನಡೆದೆ. ಆಗಲೂ ಕಡಿಮೆ."

ನಾನು ಅಲ್ಲೇ ನಿಂತು, ಇವರು ಪಕ್ಕದಲ್ಲೇ ಬರೆದಿಟ್ಟಿದ್ದ ನಿನ್ನ ಸಂಖ್ಯೆಗಳಲ್ಲಿ ನೀನು ಸೇರಿಸಿದ್ದನ್ನು ಕಳೆಯುತ್ತಾ ಹೋದೆ. ಹೋದ ವರ್ಷ ಇದೇ ತಿಂಗಳು ನೀನು ಬರೆದದ್ದು ಮೂವತ್ತೊಂದು, ನಿನಗೆ ಸಿಕ್ಕಿದ್ದು ಇಪ್ಪತ್ತೆರಡು. ಇವರದ್ದೂ ಇಪ್ಪತ್ತೆರಡು. ಈ ಫೆಬ್ರವರಿ ನೀನು ಬರೆದದ್ದು ಇಪ್ಪತ್ತೈದು, ಸೇರಿಸಿದ ಏಳು ತೆಗೆದರೆ ಹದಿನೆಂಟು. ಇವರದ್ದು ಹದಿನೆಂಟು. ಮಾರ್ಚಿನಲ್ಲಿ ಮಾತ್ರ ಒಂದು ವ್ಯತ್ಯಾಸ, ನಿನಗೆ ಒಂದು ಹೆಚ್ಚು. ನಿನ್ನ ಕಿವಿಗೆ ಬೀಳದ ಉಲಿಯಕ್ಕಿಯ ಸಾಲಿನಲ್ಲಿ ಇವರು ಮೂರು ವರ್ಷದಿಂದ ಸೊನ್ನೆ ಬರೆದಿದ್ದಾರೆ.

ಅರ್ಥವಾಯಿತಾ ಅಮ್ಮ? ನಿನ್ನ ಕಿವಿ ಒಂದನ್ನೂ ತಪ್ಪಿಸಿಲ್ಲ. ತಪ್ಪಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ನೀನು ನ್ಯಾಯಕ್ಕೆಂದು ಸೇರಿಸಿದ ಹಕ್ಕಿಗಳು ಆ ಹೊಲದ ಮೇಲೆ ಎಲ್ಲೂ ಇರಲಿಲ್ಲ.

ಗರಿಯ ಬಗ್ಗೆ ಕೇಳಿದೆ. ಬಿತ್ತನೆ ಯಂತ್ರ ತಿರುಗುವ ಜಾಗದಲ್ಲಿ ಬೀಜ ಚೆಲ್ಲಿತ್ತಂತೆ, ಪಕ್ಕದಲ್ಲಿ ನೆಲಗುಬ್ಬಿ ಸತ್ತು ಬಿದ್ದಿತ್ತಂತೆ. ಬೀಜವನ್ನು ಕೈಯಿಂದಲೇ ಬಳಿದು ಮುಚ್ಚಿ, ಹಕ್ಕಿಯನ್ನು ದಾರಿಯ ಪಕ್ಕದಲ್ಲಿ ಹೂತರಂತೆ. "ಗರಿ ಯಾಕೆ ಇಟ್ಕೊಂಡ್ರಿ?" ಎಂದೆ. "ಗೊತ್ತಿಲ್ಲ" ಎಂದರು. "ಒಂದು ಮಾತು ಹೇಳಬಾರದಿತ್ತಾ?" ಎಂದೆ. "ಹೇಳಿ? ನಾಳೆಯಿಂದ ಎಲ್ಲಿಗೆ ಹೋಗಲಿ ಕೆಲಸಕ್ಕೆ?" ಎಂದರು.

ಅಷ್ಟರಲ್ಲಿ ನೀನು ಬಂದೆ. ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಹಿಂದೆ ಅಡಗಿದೆವು. ನೀನು ನಡೆದು ಬಂದು, ನೀರಿನ ಕೊಳವೆಯ ಹತ್ತಿರ ನಿಂತೆ. ಕಿವಿಯ ಹಿಂದೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕಾದೆ. ನಾವೂ ಉಸಿರು ಬಿಗಿಹಿಡಿದು ಕೇಳಿದೆವು. ಒಂದು ಬಾನಾಡಿ ಇಲ್ಲ, ಒಂದು ಟಿಟ್ಟಿಭ ಇಲ್ಲ. ಸೊಳ್ಳೆಯೂ ಇರಲಿಲ್ಲ. ಆಮೇಲೆ ನೀನು ಪೆನ್ಸಿಲ್ ತೆಗೆದು ಏನೋ ಬರೆದುಕೊಂಡು ಮುಂದೆ ಹೋದೆ. ಇವರು ನನ್ನ ಕಡೆ ನೋಡಲಿಲ್ಲ.

ವಿಚಾರಣೆಯ ದಿನ ಸಮಿತಿಯ ಕೋಣೆಯಲ್ಲಿ ಉದ್ದ ಮೇಜು, ಆ ಕಡೆ ಐದು ಜನ, ಗೋಡೆಗೆ ನಿನ್ನ ಪಟ್ಟಿಯನ್ನು ಅಂಟಿಸಿದ್ದರು. ಇವರು ಕಂಪನಿಯ ಬೆಂಚಿನಲ್ಲಿ ಕೂತಿದ್ದರು. ನಾನು ಬಾಗಿಲ ಹತ್ತಿರ. ಕಂಪನಿಯ ವಕೀಲ ಎದ್ದು, ನೀನು ಬಾರದೇ ಇರುವುದನ್ನೇ ಹಿಡಿದುಕೊಂಡ. "ಎಪ್ಪತ್ತು ದಾಟಿದವರು. ಕೇಳಿಸುತ್ತೋ ಇಲ್ಲವೋ ಯಾರು ನೋಡಿದ್ದಾರೆ? ಸ್ವಂತ ಮಗಳೇ ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನಲ್ಲಿದ್ದಾರೆ. ಒಂದು ಪ್ರಮಾಣಪತ್ರ ತರೋಕೆ ಏನು ಕಷ್ಟ?" ಎಂದ. ನಾನು ಇವರನ್ನು ನೋಡಿದೆ. ಇವರು ತಮ್ಮ ಬೂಟು ನೋಡುತ್ತಿದ್ದರು.

ಎದ್ದು ನಿಂತೆ. ನಿನ್ನ ಪರೀಕ್ಷೆಯ ಹಾಳೆಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ತೆಳು ಶಬ್ದ ಕೇಳಿಸುವುದಿಲ್ಲ ಎಂದೆ. ಅದಕ್ಕೆ ನಾಲ್ಕು ವರ್ಷದಿಂದ ಐದಕ್ಕೆ ಎರಡರಂತೆ ಸೇರಿಸಿದ್ದಾಳೆ ಎಂದೂ ಹೇಳಿಬಿಟ್ಟೆ. ನಿನ್ನ ಕಾಗದವನ್ನು ತೋರಿಸಲಿಲ್ಲ, ಅದೊಂದು ಉಳಿಸಿಕೊಂಡೆ. ವಕೀಲ ನಕ್ಕ. "ಮುಗೀತಲ್ಲ ಸ್ವಾಮಿ. ಇಲ್ಲದ ಹಕ್ಕಿ ಬರೆದವರ ಪಟ್ಟಿ ಇದು" ಎಂದ.

ನಾನು ಏನು ಲೆಕ್ಕ ಹಾಕಿ ಎದ್ದಿದ್ದೆನೋ ನನಗೇ ತಿಳಿಯದು. ಭಾನುವಾರದಿಂದ ಇವರ ಹತ್ತಿರ ಆ ನೋಟ್‌ಬುಕ್ಕಿನ ಮಾತೇ ಎತ್ತಿರಲಿಲ್ಲ. ಕೊಡುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಕೊಡುವುದಿಲ್ಲ ಎಂದೇ ಅನ್ನಿಸಿತ್ತು, ಇದನ್ನು ಹೇಳಿದರೆ ಇವರಿಗೆ ನೋವಾಗುತ್ತದೆ. ನಿನ್ನನ್ನು ಹತ್ತು ಜನರ ಮುಂದೆ ಸುಳ್ಳಿ ಮಾಡಿ ನಿಲ್ಲಿಸಿ, ಗಂಡನ ಕಡೆ ನೋಡುತ್ತಾ ನಿಂತೆ.

ಇವರು ಎದ್ದರು. ವಕೀಲ ತೋಳು ಹಿಡಿದು ಎಳೆದ. ಬಿಡಿಸಿಕೊಂಡು ಹೋಗಿ ನೋಟ್‌ಬುಕ್ಕನ್ನು ಅಧ್ಯಕ್ಷೆಯ ಮುಂದಿಟ್ಟರು. "ಇವು ನಾನು ಎಣಿಸಿದ್ದು. ನನ್ನ ಕಿವಿ ಸರಿ ಇದೆ. ಅತ್ತೆ ಬರೆದದ್ದಕ್ಕಿಂತ ಹಕ್ಕಿ ಕಡಿಮೆ ಇದೆ, ಜಾಸ್ತಿ ಇಲ್ಲ. ನಾನೇ ಔಷಧಿ ಹೊಡಿಸಿದೆ, ಬದುವನ್ನೂ ನಾನೇ..." ಎಂದು ತಡವರಿಸಿ, "ಬದುವನ್ನೂ ಉಳಿಸಲಿಲ್ಲ, ಉತ್ತುಬಿಟ್ಟೆ" ಎಂದು ಹೇಳಿ ಕೂತರು.

ಅಧ್ಯಕ್ಷೆ ಮೊದಲ ಇಪ್ಪತ್ತೆರಡು ವರ್ಷದ ನಿನ್ನ ಪಟ್ಟಿಯನ್ನೂ ಇವರ ಮೂರು ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡು ವರ್ಷ ದಾರಿಯ ಎರಡೂ ಬದಿ ಆರಾರು ಅಡಿ ಉಳಬಾರದು, ಔಷಧಿ ಸೋಕಬಾರದು ಎಂದು ತೀರ್ಮಾನವಾಯಿತು. ಕಂಪನಿ ಮೇಲ್ಮನವಿ ಹಾಕುತ್ತದಂತೆ. ಆರಡಿಯಲ್ಲಿ ಎಷ್ಟು ಹಕ್ಕಿ ಬದುಕೀತು, ನಿನಗೇ ಗೊತ್ತು.

ನಿನ್ನ ಕೊನೆಯ ನಾಲ್ಕು ವರ್ಷದ ಹಾಳೆಗಳ ಮೇಲೆ ಕೆಂಪು ಗೆರೆ ಎಳೆದರು. ಇನ್ನು ಮುಂದೆ ಒಬ್ಬಳೇ ಎಣಿಸುವ ಹಾಗಿಲ್ಲ. ಕಂಪನಿಯವರು ಕೊಟ್ಟಿದ್ದ ಕಾರಿನ ಕೀಲಿಯನ್ನು ಅವತ್ತು ಸಂಜೆಯೇ ಇವರಿಂದ ಇಸಿದುಕೊಂಡರು. ಬಸ್ಸಿನಲ್ಲಿ ಬಂದೆವು. ಇವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. "ನಿಮ್ಮಮ್ಮ ನಂಗೇನೂ ಅನ್ನಲ್ವಾ?" ಎಂದು ಒಂದೇ ಮಾತು ಕೇಳಿದರು. ಇನ್ನೂ ನನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಮಾಡಿಕೊಂಡಿದ್ದರೆ ಮೇಲಿತ್ತು, ಏನು ಯೋಚಿಸುತ್ತಿದ್ದಾರೆ ಎಂದಾದರೂ ತಿಳಿಯುತ್ತಿತ್ತು.

ನಿನ್ನ ಮಾನ ತೆಗೆದವಳು ನಾನು. ಕ್ಷಮಿಸು ಎಂದು ಕೇಳುತ್ತಿಲ್ಲ, ಬಾಗಿಲು ತೆಗೆ ಎಂದು ಕೇಳುತ್ತಿದ್ದೇನೆ.

ನಿನ್ನ
ಸಣ್ಣಿ

ಮತ್ತೆ: ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ನಿನ್ನ ಪರೀಕ್ಷೆಯ ಹಾಳೆಯನ್ನು ನಾನು ಅದೇ ಮಂಗಳವಾರ ಸಂಜೆ ಇವರ ಕೈಗೆ ಕೊಟ್ಟಿದ್ದೆ. ನಿನಗೆ ಮೊದಲ ಕಾಗದ ಬರೆಯುವಾಗ ನನ್ನ ಚೀಲದಲ್ಲಿದ್ದದ್ದು ಪ್ರತಿ. ಕೊಟ್ಟರೆ ಎಲ್ಲಾ ಮುಗಿಯುತ್ತದೆ, ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡಬಹುದು ಎಂದುಕೊಂಡೆ. ಕಂಪನಿಗೆ ತಲುಪಿಯೇ ಇರುತ್ತದೆ ಎಂದು ಗುರುವಾರದವರೆಗೂ ನಂಬಿದ್ದೆ, ವಕೀಲ ಅದನ್ನು ಯಾವಾಗ ತೆಗೆಯುತ್ತಾನೋ ಎಂದು ಕಾಯುತ್ತಿದ್ದೆ. ಅವನ ಹತ್ತಿರ ಇರಲಿಲ್ಲ. ಇವರು ಒಂದು ತಿಂಗಳು ಅದನ್ನು ಯಾರಿಗೂ ತೋರಿಸಿರಲಿಲ್ಲ.